ಗಲ್ಲಾಪೆಟ್ಟಿಗೆಯ ಐದು ನಾಣ್ಯ: ಟಂಕಸಾಲೆಯ ತಪ್ಪು ಯಾವುದು, ಆಮೇಲೆ ಬಿದ್ದ ಪೆಟ್ಟು ಯಾವುದು?

ಪ್ರಶ್ನೆ: ತಿಪಟೂರು ಹತ್ತಿರದ ಹಳ್ಳಿಯಲ್ಲಿ ನಮ್ಮದೊಂದು ದಿನಸಿ ಅಂಗಡಿ. ಮಗ ಮೊಬೈಲಿನಲ್ಲಿ ನಾಣ್ಯದ ವಿಡಿಯೋಗಳನ್ನು ನೋಡಿ, ಗಲ್ಲಾಪೆಟ್ಟಿಗೆಯ ಚಿಲ್ಲರೆಯನ್ನೆಲ್ಲ ಸುರಿದುಕೊಂಡು ಐದು ನಾಣ್ಯ ಆರಿಸಿಟ್ಟಿದ್ದಾನೆ. ಒಂದು ರೂಪಾಯಿಯೊಂದರಲ್ಲಿ ಸಿಂಹದಿಂದ ಅಂಚಿನವರೆಗೆ ಸಣ್ಣ ಗೆರೆ ಓಡಿದೆ. ಹತ್ತು ರೂಪಾಯಿಯೊಂದರಲ್ಲಿ ಒಳಗಿನ ಬಿಳಿ ಭಾಗ ಒಂದು ಪಕ್ಕಕ್ಕೆ ಸರಿದಿದೆ. ಹಿತ್ತಾಳೆ ಬಣ್ಣದ ಐದು ರೂಪಾಯಿಯ ಅಂಚಿನಲ್ಲಿ ಒಂದು ಚೂರೇ ಇಲ್ಲ. ಎರಡು ರೂಪಾಯಿಯೊಂದನ್ನು ಹೊರಳಿಸಿದರೆ ಹಿಂದಿನ ಮುಖ ತಲೆಕೆಳಗಾಗಿ ಕಾಣುತ್ತದೆ. ಇನ್ನೊಂದು ಒಂದು ರೂಪಾಯಿಯಲ್ಲಿ ಒಂದು ಮುಖ ಪೂರ್ತಿ ನುಣುಪು, ಏನೂ ಇಲ್ಲ. ಇಸವಿಯ ಕೆಳಗೆ ಚುಕ್ಕಿ ಇದ್ದರೂ ಬೆಲೆ ಅಂತಾನೆ ಮಗ. ಇವಕ್ಕೆಲ್ಲ ಲಕ್ಷಗಟ್ಟಲೆ ಬರುತ್ತದೆ ಎಂದು ಒಬ್ಬರು ವಾಟ್ಸಾಪಿನಲ್ಲಿ ಹೇಳಿ, ನೋಂದಣಿಗೆಂದು 1,550 ರೂಪಾಯಿ ಹಾಕಿಸಿಕೊಂಡರು. ಈಗ ರಿಸರ್ವ್ ಬ್ಯಾಂಕಿನ ಸರ್ಟಿಫಿಕೇಟಿಗೆ ಇನ್ನೂ 8,200 ಕೇಳುತ್ತಿದ್ದಾರೆ. ನಮ್ಮ ಯಜಮಾನರು ಕಟ್ಟಿಬಿಡೋಣ ಅಂತಿದ್ದಾರೆ, ನನಗೆ ಧೈರ್ಯ ಬರುತ್ತಿಲ್ಲ. ಇವು ನಿಜಕ್ಕೂ ಟಂಕಸಾಲೆಯ ತಪ್ಪುಗಳಾ? ತೊಳೆದು ಇಡಬೇಕಾ? ಯಾರಿಗೆ ತೋರಿಸಬೇಕು?

ಉತ್ತರ: ಆ 8,200 ರೂಪಾಯಿ ಕಟ್ಟಬೇಡಿ. ನಾಣ್ಯದ ಮಾತು ಆಮೇಲೆ.

ನಾಣ್ಯ ಮಾರಲು ರಿಸರ್ವ್ ಬ್ಯಾಂಕಿನ ಸರ್ಟಿಫಿಕೇಟು ಎಂಬುದೇ ಇಲ್ಲ. ಹಳೆಯ ನೋಟು, ನಾಣ್ಯ ಕೊಳ್ಳುವ ಮಾರುವ ವ್ಯವಹಾರದಲ್ಲಿ ನಾವಿಲ್ಲ, ಅದಕ್ಕಾಗಿ ಶುಲ್ಕವನ್ನೋ ಕಮಿಷನ್ನನ್ನೋ ನಾವು ಕೇಳುವುದಿಲ್ಲ, ನಮ್ಮ ಪರವಾಗಿ ಕೇಳುವ ಅಧಿಕಾರವನ್ನು ಯಾರಿಗೂ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ಈ ಮೋಸ ನಡೆಯುವ ರೀತಿ ಹೆಚ್ಚುಕಮ್ಮಿ ಒಂದೇ. ಮೊದಲು ಸಣ್ಣ ಮೊತ್ತದ ನೋಂದಣಿ, ಆಮೇಲೆ ಸರ್ಟಿಫಿಕೇಟು, ಅದಾದ ಮೇಲೆ ಜಿಎಸ್‌ಟಿ, ಕೊರಿಯರ್ ವಿಮೆ. ಕೊನೆಗೆ ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ಬರುತ್ತದೆ ಅನ್ನುತ್ತಾರೆ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಾಗಿಲ್ಲ, ಕಳಿಸಲು ಮಾತ್ರ ಬೇಕು. ನೀವು ಆಗಲೇ ಕೊಟ್ಟ 1,550ರ ಬಗ್ಗೆ ಇವತ್ತೇ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ವಾಟ್ಸಾಪ್ ಮಾತುಕತೆಯನ್ನು ಅಳಿಸಬೇಡಿ. ಬೇಗ ದೂರು ಕೊಟ್ಟಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನಿಜವಾದ ನಾಣ್ಯ ವ್ಯಾಪಾರಿ ನಾಣ್ಯ ನೋಡಿ ದುಡ್ಡು ಕೊಡುತ್ತಾನೆಯೇ ಹೊರತು, ನೋಡುವ ಮೊದಲೇ ನಿಮ್ಮಿಂದ ದುಡ್ಡು ಕೇಳುವುದಿಲ್ಲ.

ಈಗ ನಾಣ್ಯಗಳಿಗೆ ಬರೋಣ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ನಾಣ್ಯದಲ್ಲಿ ಏನೋ ವಿಚಿತ್ರವಾಗಿದೆ ಎಂಬಲ್ಲಿಗೇ ನಿಂತುಬಿಡುತ್ತಾರೆ. ವಿಡಿಯೋಗಳೂ ಅಷ್ಟನ್ನೇ ತೋರಿಸುತ್ತವೆ. ಕೇಳಬೇಕಾದ ಪ್ರಶ್ನೆ ಬೇರೆ: ಇದು ಯಾವಾಗ ಆಯಿತು? ಅಚ್ಚು ಒತ್ತುವ ಮೊದಲೇ? ಒತ್ತುವ ಕ್ಷಣದಲ್ಲೇ? ಅಥವಾ ಟಂಕಸಾಲೆಯಿಂದ ಹೊರಬಂದ ಮೇಲೆ? ಮೊದಲ ಎರಡಾದರೆ ಸಂಗ್ರಹಕಾರರು ಕಿವಿಗೊಡುತ್ತಾರೆ. ಮೂರನೆಯದಾದರೆ ಅದು ಪೆಟ್ಟು ತಿಂದ ನಾಣ್ಯ, ಅಷ್ಟೇ.

ಇದನ್ನು ಪತ್ತೆ ಹಚ್ಚಲು ನಾಣ್ಯ ತಯಾರಾಗುವ ಬಗೆ ಸ್ವಲ್ಪ ಗೊತ್ತಿರಬೇಕು. ನಮ್ಮ ದೇಶದಲ್ಲಿ ಮುಂಬೈ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾ ಹೀಗೆ ನಾಲ್ಕು ಕಡೆ ಸರ್ಕಾರಿ ಟಂಕಸಾಲೆಗಳಿವೆ. ಉದ್ದನೆಯ ಲೋಹದ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಪಂಚ್ ಮಾಡಿ ತೆಗೆಯುತ್ತಾರೆ. ಅವನ್ನು ಕಾಯಿಸಿ ಮೆದು ಮಾಡಿ, ತೊಳೆದು, ಇನ್ನೊಂದು ಯಂತ್ರದಲ್ಲಿ ಸುತ್ತಲೂ ಒತ್ತಿ ಅಂಚು ಏಳಿಸುತ್ತಾರೆ. ಆಮೇಲೆ ಪ್ರೆಸ್ಸಿಗೆ. ಅಲ್ಲಿ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಬಿಲ್ಲೆಯನ್ನು ಸುತ್ತ ಹಿಡಿದಿಡಲು ಕಾಲರ್ ಎಂಬ ಉಕ್ಕಿನ ಬಳೆ. ಒಂದೇ ಒತ್ತಿಗೆ ಎರಡು ಮುಖ, ಅಂಚು ಎಲ್ಲ ಮೂಡುತ್ತವೆ. ನಿಮಿಷಕ್ಕೆ ನೂರಾರು ನಾಣ್ಯ ಉದುರುವ ವೇಗ. ಅಂಥ ವೇಗದಲ್ಲಿ ಒಂದೊಂದು ತಪ್ಪಿ ಹೊರಗೆ ಬರುವುದು ಆಶ್ಚರ್ಯವಲ್ಲ. ಪರೀಕ್ಷೆಯಲ್ಲಿ ಬಹುಪಾಲು ಸಿಕ್ಕಿಬೀಳುತ್ತವೆ, ಕೆಲವು ಮೂಟೆಯೊಳಗೆ ಸೇರಿ ಬ್ಯಾಂಕಿಗೆ, ಬ್ಯಾಂಕಿನಿಂದ ನಿಮ್ಮ ಅಂಗಡಿಗೆ ಬರುತ್ತವೆ.

ಮೊದಲ ನಾಣ್ಯದಲ್ಲಿರುವ ಗೆರೆಯನ್ನು ಉಗುರಿನಿಂದ ಮೆಲ್ಲಗೆ ಸವರಿ ನೋಡಿ. ಉಗುರು ಗೆರೆಯೊಳಗೆ ಇಳಿಯುತ್ತದೋ, ಗೆರೆಗೆ ತಡೆದು ಹತ್ತುತ್ತದೋ? ಇಳಿದರೆ ಅದು ಗೀರು. ತಡೆದರೆ ಡೈ ಕ್ರ್ಯಾಕ್, ಅಂದರೆ ಅಚ್ಚಿನಲ್ಲಿ ಬಿಟ್ಟ ಬಿರುಕು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವಾಗ ಮರದ ಅಚ್ಚಿನಲ್ಲಿ ಸೀಳು ಇದ್ದರೆ ಪಾಕ ಅದರೊಳಗೂ ಇಳಿದು, ಆನೆಯ ಹೊಟ್ಟೆ ಮೇಲೆ ಒಂದು ಉಬ್ಬುಗೆರೆ ಬರುತ್ತದಲ್ವಾ? ಇಲ್ಲಿಯೂ ಹಾಗೇ. ಅಚ್ಚಿನಲ್ಲಿ ತಗ್ಗಾಗಿರುವುದೆಲ್ಲ ನಾಣ್ಯದ ಮೇಲೆ ಉಬ್ಬುತ್ತದೆ. ನಾಣ್ಯಕ್ಕೆ ಆಮೇಲೆ ಬಿದ್ದ ಪೆಟ್ಟಿಗೆ ಲೋಹವನ್ನು ತಗ್ಗು ಮಾಡಲು ಮಾತ್ರ ಸಾಧ್ಯ, ಹೊಸದಾಗಿ ಎತ್ತರಿಸಲು ಬರುವುದಿಲ್ಲ. ಗೀರು ಬಿದ್ದಾಗ ಪಕ್ಕದಲ್ಲಿ ಸಣ್ಣ ದಿಣ್ಣೆ ಏಳುವುದುಂಟು, ಆದರೆ ಅದರ ಪಕ್ಕದಲ್ಲೇ ತಗ್ಗು ಇದ್ದೇ ಇರುತ್ತದೆ.

ಭೂತಗನ್ನಡಿಯಲ್ಲಿ ನೋಡಿದರೆ ನಿಜವಾದ ಬಿರುಕುಗೆರೆ ನೇರವಾಗಿ ಓಡುವುದಿಲ್ಲ. ಸ್ವಲ್ಪ ಅಂಕುಡೊಂಕು, ಕೆಲವೊಮ್ಮೆ ಕವಲು. ಹೊರಗಿನ ಅಂಚಿನ ಕಡೆ ದಪ್ಪ, ಒಳಗೆ ಬರುತ್ತ ತೆಳು. ಖಾಲಿ ಜಾಗದಲ್ಲಿ ಚೆನ್ನಾಗಿ ಕಾಣುತ್ತದೆ, ಅಕ್ಷರದ ಅಥವಾ ಸಿಂಹದ ಉಬ್ಬಿನ ಹತ್ತಿರ ಬಂದಾಗ ಸಣ್ಣಗಾಗಿ ಅಥವಾ ಮಾಯವಾಗಿ, ಆ ಕಡೆ ಮತ್ತೆ ಕಾಣಿಸಿಕೊಳ್ಳುತ್ತದೆ. ಗೀರು ಇದಕ್ಕೆ ತದ್ವಿರುದ್ಧ. ಎತ್ತರದ ಭಾಗವನ್ನೇ ಮೊದಲು ಕೆರೆದುಕೊಂಡು ಹೋಗುತ್ತದೆ. ಸಿಂಹದ ಬೆನ್ನು ಕೊಯ್ದಂತೆ ಕಂಡರೆ ಅದನ್ನು ಅಲ್ಲಿಗೇ ಬಿಡಿ.

ಸ್ಟೀಲ್ ನಾಣ್ಯಗಳಲ್ಲಿ ಡೈ ಕ್ರ್ಯಾಕ್ ಅಪರೂಪವಲ್ಲ. ಸ್ಟೀಲ್ ಗಟ್ಟಿ ಲೋಹ, ಅಚ್ಚು ಬೇಗ ಸವೆಯುತ್ತದೆ, ಬೇಗ ಬಿರಿಯುತ್ತದೆ. ಬಿರಿದ ಅಚ್ಚನ್ನು ಬದಲಿಸುವ ಹೊತ್ತಿಗೆ ಅದೇ ಗೆರೆಯಿರುವ ನಾಣ್ಯ ಸಾವಿರಗಟ್ಟಲೆ ಹೊರಗೆ ಹೋಗಿರುತ್ತವೆ. ಹಾಗಾಗಿ ನಿಮ್ಮ ಮಗನ ಗೆರೆ ನಿಜವೇ ಆದರೂ ಅದರಿಂದ ಬರುವ ದುಡ್ಡಿನಲ್ಲಿ ಮನೆಮಂದಿಗೆಲ್ಲ ಕಾಫಿ ಕುಡಿಸಿದರೆ ಹೆಚ್ಚು. ಬಿರುಕು ಬೆಳೆದು ಅಂಚಿನ ಕಡೆ ಅಚ್ಚಿನ ತುಂಡೇ ಉದುರಿಹೋದರೆ ನಾಣ್ಯದ ಮೇಲೆ ಆ ಜಾಗದಲ್ಲಿ ಅಕ್ಷರವಿಲ್ಲದ ದಪ್ಪನೆಯ ಲೋಹದ ಗಡ್ಡೆ ನಿಲ್ಲುತ್ತದೆ. ಅದಕ್ಕೆ ಕಡ್ ಅನ್ನುತ್ತಾರೆ. ದೊಡ್ಡ ಕಡ್ ಸಿಕ್ಕರೆ ಮಾತು ಬೇರೆ.

ಚುಕ್ಕಿಯ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಇಸವಿಯ ಕೆಳಗಿನ ಚುಕ್ಕಿ ತಪ್ಪಲ್ಲ, ನೋಯ್ಡಾದ ಗುರುತು. ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕೋಲ್ಕತ್ತ. ಚಿಲ್ಲರೆ ಸಾಲದೆ ಹೋದ ಕಾಲದಲ್ಲಿ ಹೊರದೇಶದಲ್ಲೂ ನಮ್ಮ ನಾಣ್ಯ ಒತ್ತಿಸಿದ್ದಾರೆ. 1985ರ ಒಂದು ರೂಪಾಯಿಯಲ್ಲಿ ಇಂಗ್ಲಿಷಿನ ಎಚ್ ಅಕ್ಷರ ಕಂಡರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. ಇವೆಲ್ಲ ಗುರುತುಗಳು, ದೋಷಗಳಲ್ಲ. ಚುಕ್ಕಿಯ ನಾಣ್ಯಕ್ಕೆ ಲಕ್ಷ ಅನ್ನುವ ವಿಡಿಯೋ ಮಾಡುವವರಿಗೆ ಲೈಕು ಬಿಟ್ಟರೆ ಇನ್ನೇನೂ ಬರುವುದಿಲ್ಲ.

ಹತ್ತು ರೂಪಾಯಿ ನಾಣ್ಯ ನನಗೆ ಇಷ್ಟವಾದ ವಿಷಯ. ಅದರಲ್ಲಿ ಹಳದಿ ಬಳೆ ಬೇರೆ, ಒಳಗಿನ ಬಿಳಿ ಬಿಲ್ಲೆ ಬೇರೆ. ಎರಡನ್ನೂ ಒಂದರೊಳಗೊಂದು ಕೂರಿಸಿ, ಆಮೇಲೆ ಒಟ್ಟಿಗೇ ಅಚ್ಚು ಒತ್ತುತ್ತಾರೆ. ಈ ಒಂದು ಸಂಗತಿ ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು. ಕೂರಿಸುವಾಗ ಬಿಲ್ಲೆ ಸರಿಯಾಗಿ ಕೂರದೆ ಆಮೇಲೆ ಅಚ್ಚು ಬಿದ್ದಿದ್ದರೆ, ಪಕ್ಕಕ್ಕೆ ಹೋಗಿರುವುದು ಎರಡು ಲೋಹ ಸೇರುವ ಗೆರೆ ಮಾತ್ರ. ಸಿಂಹ ನಾಣ್ಯದ ನಟ್ಟನಡುವೆಯೇ ಇರುತ್ತದೆ, ಹೊರಗಿನ ಅಕ್ಷರಗಳೂ ತಮ್ಮ ಜಾಗದಲ್ಲೇ ಇರುತ್ತವೆ. ಬಿಳಿ ಲೋಹ ಅಕ್ಷರದ ಕಾಲಬುಡದವರೆಗೂ ಹರಿದಿದ್ದರೆ ಅಕ್ಷರ ಆ ಬಿಳಿಯ ಮೇಲೂ ಮುರಿಯದೆ ಮುಂದುವರಿದಿರುತ್ತದೆ.

ಯಾರೋ ಸುತ್ತಿಗೆಯಿಂದ ಬಿಲ್ಲೆ ಹೊರಗೆ ತಟ್ಟಿ ಮತ್ತೆ ಕೂರಿಸಿದ್ದರೆ ಹೀಗಿರುವುದಿಲ್ಲ. ಸಿಂಹ ಒಂದು ಕಡೆ ವಾಲಿರುತ್ತದೆ, ಬಳೆಯ ಮೇಲಿನ ಅಕ್ಷರ ಇನ್ನೊಂದು ದಿಕ್ಕಿಗೆ ನಿಂತಿರುತ್ತದೆ. ಒಂದೇ ಅಚ್ಚು ಒಂದೇ ಒತ್ತಿಗೆ ಎರಡನ್ನೂ ಮೂಡಿಸಿರುವಾಗ ಇವೆರಡರ ದಿಕ್ಕು ಬೇರೆ ಬೇರೆ ಆಗಲು ದಾರಿಯೇ ಇಲ್ಲ. ಸೇರುವ ಗೆರೆಯಲ್ಲಿ ಬೆಳಕು ತೂರುವಷ್ಟು ಸಂದಿ, ಬಳೆಯ ಒಳ ಅಂಚಿನಲ್ಲಿ ಹೊಳೆಯುವ ಕೆರೆತ ಕಂಡರೂ ಅದು ಕೈಕೆಲಸವೇ. ಬಿಲ್ಲೆಯೇ ಇಲ್ಲದ ಬಳೆ ತಂದು ತೋರಿಸುವವರು ಬಹಳ. ಟಂಕಸಾಲೆಯಲ್ಲೇ ಬಿಲ್ಲೆ ಇಲ್ಲದೆ ಒತ್ತು ಬಿದ್ದಿದ್ದರೆ ಬಳೆಯ ಲೋಹ ಸ್ವಲ್ಪ ಒಳಮುಖವಾಗಿ ಹರಿದು, ತೂತಿನ ಅಂಚು ಉರುಟಾಗಿರುತ್ತದೆ. ಬಿಲ್ಲೆ ಆಮೇಲೆ ಬಿದ್ದುಹೋದ ಬಳೆಯ ಒಳಗೋಡೆ ನೇರ, ಬಿಲ್ಲೆ ಕಚ್ಚಿ ಕೂತಿದ್ದ ಗುರುತು ಸ್ಪಷ್ಟ.

ನಿಮ್ಮ ನಾಣ್ಯದ ವರ್ಣನೆ ನೋಡಿದರೆ ನಿಜವಾದ ದೋಷವಿರುವ ಸಾಧ್ಯತೆ ಇರುವುದು ಇದರಲ್ಲಿ ಮತ್ತು ಐದು ರೂಪಾಯಿಯಲ್ಲಿ. ಅಂದ ಹಾಗೆ, ಮೇಲ್ಭಾಗದಲ್ಲಿ 15 ಗೆರೆ ಇರುವ ಹತ್ತು ರೂಪಾಯಿ ಖೋಟಾ, 10 ಗೆರೆಯದು ಮಾತ್ರ ಅಸಲಿ ಎಂದು ಕೆಲವು ಅಂಗಡಿಯವರು ವಾಪಸ್ ಕೊಡುತ್ತಿದ್ದರು. ಅದು ಸುಳ್ಳು. ಹತ್ತು ರೂಪಾಯಿ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಿದೆ. ನೀವೂ ಸುಮ್ನೆ ತೆಗೆದುಕೊಳ್ಳಿ.

ಐದು ರೂಪಾಯಿಗೆ ಬರೋಣ. ಲೋಹದ ಪಟ್ಟಿ ಸಾಕಷ್ಟು ಮುಂದೆ ಸರಿಯದೆ, ಆಗಲೇ ಬಿಲ್ಲೆ ತೆಗೆದಿದ್ದ ತೂತಿನ ಪಕ್ಕಕ್ಕೇ ಮತ್ತೆ ಪಂಚ್ ಬಿದ್ದರೆ, ಹೊಸ ಬಿಲ್ಲೆಯಲ್ಲಿ ಆ ತೂತಿನಷ್ಟು ಭಾಗ ಇರುವುದಿಲ್ಲ. ಇದಕ್ಕೆ ಕ್ಲಿಪ್ ಅನ್ನುತ್ತಾರೆ. ತಪ್ಪು ಅಚ್ಚು ಬೀಳುವ ಮೊದಲೇ ಆಗಿದೆ ಎಂಬುದನ್ನು ಗಮನಿಸಿ, ಏಕೆಂದರೆ ಸಾಕ್ಷಿ ಸಿಗುವುದು ಅಲ್ಲೇ.

ಮೊದಲು ಕೊರೆತದ ಆಕಾರ ನೋಡಿ. ತೂತು ಇನ್ನೊಂದು ಬಿಲ್ಲೆಯದೇ ಆದ್ದರಿಂದ ಕೊರೆತದ ಬಾಗು ಅಂಥದೇ ಇನ್ನೊಂದು ನಾಣ್ಯದ ಬಾಗಿಗೆ ಹೊಂದಬೇಕು. ಬೇರೊಂದು ಐದು ರೂಪಾಯಿ ತಂದು ಆ ಜಾಗಕ್ಕೆ ಇಟ್ಟು ನೋಡಿ. ಪಟ್ಟಿಯ ತುದಿಯಲ್ಲಿ ಕತ್ತರಿಸಿದ್ದರೆ ಕೊರೆತ ನೇರವಾಗಿಯೂ ಇರಬಹುದು. ಆಮೇಲೆ ಕೊರೆತದ ಪಕ್ಕದ ಅಕ್ಷರಗಳನ್ನು ನೋಡಿ. ಅಚ್ಚು ಬೀಳುವಾಗ ಅಲ್ಲಿ ತಡೆಯಲು ಲೋಹವೇ ಇಲ್ಲದ್ದರಿಂದ, ಇರುವ ಲೋಹ ಆ ಖಾಲಿ ಕಡೆಗೆ ಜಾರಿರುತ್ತದೆ. ಅಕ್ಷರ ಮಸುಕಾಗಿ, ಕೊರೆತದ ಕಡೆಗೆ ಎಳೆದಂತಿರುತ್ತದೆ. ಅರದಿಂದ ಉಜ್ಜಿದ ನಾಣ್ಯದಲ್ಲಿ ಅಕ್ಷರ ಪೂರ್ತಿ ಎತ್ತರದಲ್ಲಿದ್ದು, ಕೊರೆತದ ಹತ್ತಿರ ಕತ್ತಿಯಿಂದ ತುಂಡರಿಸಿದಂತೆ ನಿಲ್ಲುತ್ತದೆ.

ಈಗ ನಾಣ್ಯವನ್ನು ತಿರುಗಿಸಿ, ಕೊರೆತದ ಎದುರು ಬದಿಯ ಅಂಚು ನೋಡಿ. ಅಲ್ಲಿ ಅಂಚು ತೆಳ್ಳಗೆ, ಸರಿಯಾಗಿ ಎದ್ದಿಲ್ಲದಂತೆ ಕಾಣುತ್ತದಾ? ಕಂಡರೆ ಖುಷಿಪಡಿ. ಅಂಚು ಏಳಿಸುವ ಯಂತ್ರ ಬಿಲ್ಲೆಯನ್ನು ಎರಡು ಎದುರುಬದುರು ಕಡೆಯಿಂದ ಒತ್ತಿ ಉರುಳಿಸುತ್ತದೆ. ಒಂದು ಕಡೆ ಲೋಹ ಇಲ್ಲದಿದ್ದರೆ ಅದರ ಎದುರು ಬದಿಗೂ ಒತ್ತಡ ಸಿಗುವುದಿಲ್ಲ, ಅಲ್ಲಿ ಅಂಚು ಏಳುವುದಿಲ್ಲ. ಬ್ಲೇಕ್ಸ್‌ಲಿ ಪರಿಣಾಮ ಅಂತ ಇದಕ್ಕೆ ಹೆಸರು. ಮನೆಯಲ್ಲಿ ಅರ ಹಿಡಿದು ಕೂತವನಿಗೆ ಒಂದು ಬದಿ ಉಜ್ಜುವುದು ಗೊತ್ತು, ಎದುರು ಬದಿಯನ್ನು ಹೀಗೆ ಮಾಡಬೇಕೆಂದು ಹೊಳೆಯುವುದಿಲ್ಲ. ಇದು ಎಲ್ಲ ಕ್ಲಿಪ್‌ಗಳಲ್ಲೂ ಎದ್ದು ಕಾಣುತ್ತದೆ ಅಂತಿಲ್ಲ, ತೀರ ಸಣ್ಣ ಕೊರೆತದಲ್ಲಿ ಕಾಣದೆಯೂ ಇರಬಹುದು. ಆದರೆ ಕಂಡರೆ ಬಲವಾದ ಸಾಕ್ಷಿ.

ತೂಕವೂ ನೋಡಿ. 2011ರ ಮಾದರಿಯ ಐದು ರೂಪಾಯಿ 23 ಮಿಲಿಮೀಟರ್ ಅಗಲ, 6 ಗ್ರಾಂ ತೂಕ. ಕ್ಲಿಪ್ ಆದದ್ದು ಹೋದ ಭಾಗದಷ್ಟು ಕಮ್ಮಿ ತೂಗಬೇಕು. ಅಂಗಡಿಯ ತಕ್ಕಡಿ ಇದಕ್ಕೆ ಆಗಿಬರುವುದಿಲ್ಲ, ಅಕ್ಕಸಾಲಿಗರ ಹತ್ತಿರ ಇರುವಂಥದ್ದು ಬೇಕು.

ಎರಡು ರೂಪಾಯಿ ಬಹುಶಃ ನೀವು ಹೊರಳಿಸಿದ ರೀತಿಯ ಸಮಸ್ಯೆ. ನಮ್ಮ ನಾಣ್ಯವನ್ನು ಸಿಂಹ ನೆಟ್ಟಗಿರುವಂತೆ ಹಿಡಿದು, ಪುಸ್ತಕದ ಹಾಳೆ ಮಗುಚುವ ಹಾಗೆ ಪಕ್ಕಕ್ಕೆ ಹೊರಳಿಸಬೇಕು. ಆಗ ಹಿಂದಿನ ಮುಖವೂ ನೆಟ್ಟಗೇ ಬರುತ್ತದೆ. ಮೇಲಿನಿಂದ ಕೆಳಕ್ಕೆ ಹೊರಳಿಸಿದರೆ ಪ್ರತಿಯೊಂದು ನಾಣ್ಯವೂ ತಲೆಕೆಳಗೇ. ಅಮೆರಿಕದ ನಾಣ್ಯಗಳಲ್ಲಿ ಎರಡು ಮುಖ ಪರಸ್ಪರ ತಲೆಕೆಳಗಾಗಿರುವುದೇ ಕ್ರಮ. ಅಲ್ಲಿನ ವಿಡಿಯೋ ನೋಡಿ ಅದೇ ಥರ ಇಲ್ಲಿ ಹೊರಳಿಸುವವರು ಹೀಗೆ ಮೋಸಹೋಗುತ್ತಾರೆ. ಸರಿಯಾಗಿ ಹೊರಳಿಸಿದ ಮೇಲೂ ವಾಲಿದ್ದರೆ ಅಚ್ಚು ಪ್ರೆಸ್ಸಿನಲ್ಲಿ ಸಡಿಲವಾಗಿ ತಿರುಗಿದೆ ಎಂದರ್ಥ. ಅಲ್ಪಸ್ವಲ್ಪ ವಾಲಿದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಪೂರ್ತಿ ತಲೆಕೆಳಗಾಗಿದ್ದರೆ ಕೊಳ್ಳುವವರು ಇದ್ದಾರೆ.

ಒಂದು ಮುಖ ನುಣುಪಾದ ಒಂದು ರೂಪಾಯಿಯನ್ನು ನೋಡಿದೊಡನೆ ನನಗೆ ಅನುಮಾನ ಬರುತ್ತದೆ. ಇಂಥದ್ದು ಟಂಕಸಾಲೆಯಲ್ಲಿ ಆಗುವುದುಂಟು. ಎರಡು ಬಿಲ್ಲೆ ಒಂದರ ಮೇಲೊಂದು ಪ್ರೆಸ್ಸಿಗೆ ಹೋದರೆ, ಎರಡಕ್ಕೂ ಅಚ್ಚಿನ ಕಡೆಯ ಮುಖ ಮಾತ್ರ ಮೂಡುತ್ತದೆ, ಪರಸ್ಪರ ತಾಗಿದ ಮುಖಗಳು ಖಾಲಿ. ಆದರೆ ಅಂಥ ನಾಣ್ಯದ ಲೋಹ ಎಲ್ಲೂ ಕಳೆದಿರುವುದಿಲ್ಲ. ಉಜ್ಜಿ ಸವೆಸಿದ್ದರಲ್ಲಿ ಕಳೆದಿರುತ್ತದೆ. ಹಾಗಾಗಿ ತೂಕವೇ ತೀರ್ಪು. 2011ರ ಮಾದರಿಯ ಒಂದು ರೂಪಾಯಿ 22 ಮಿಲಿಮೀಟರ್, 3.79 ಗ್ರಾಂ. 1992ರಿಂದ ಬಂದ ಹಳೆಯ ಸ್ಟೀಲ್ ನಾಣ್ಯ 25 ಮಿಲಿಮೀಟರ್, 4.85 ಗ್ರಾಂ. 2019ರ ಮಾದರಿಯದು ಇನ್ನೂ ಸಣ್ಣದು: 20 ಮಿಲಿಮೀಟರ್, 3.09 ಗ್ರಾಂ. ಇಸವಿ ಅಳಿಸಿಹೋಗಿದ್ದರೆ ಅಗಲ ಅಳೆದು ಯಾವ ಮಾದರಿ ಎಂದು ಮೊದಲು ಗುರುತಿಸಿ, ಆಮೇಲೆ ತೂಕ ಹೋಲಿಸಿ. ಒಂದೆರಡು ಶೇಕಡಾ ಹೆಚ್ಚುಕಮ್ಮಿ ಸಹಜ. 3.79 ಇರಬೇಕಾದದ್ದು 3.3 ತೂಗಿದರೆ ಯಾರೋ ಕಲ್ಲಿನ ಮೇಲೆ ತಿಕ್ಕಿದ್ದಾರೆ.

ಒಂದು ಅಯಸ್ಕಾಂತವನ್ನೂ ಇಟ್ಟುಕೊಳ್ಳಿ. ಸ್ಟೀಲ್ ನಾಣ್ಯ ಅದಕ್ಕೆ ಅಂಟುತ್ತದೆ, ಹಳೆಯ ತಾಮ್ರ ನಿಕಲ್ಲಿನದು ಮತ್ತು ನಿಕಲ್ ಹಿತ್ತಾಳೆಯ ಐದು ರೂಪಾಯಿ ಅಂಟುವುದಿಲ್ಲ. ಬಂಗಾರದ ಬಣ್ಣದ ಒಂದು ರೂಪಾಯಿ, ಬೇರೆ ಲೋಹದಲ್ಲಿ ಒತ್ತಿದ ಅಪರೂಪದ್ದು ಅಂತ ತರುತ್ತಾರೆ. ಅಯಸ್ಕಾಂತಕ್ಕೆ ಟಕ್ಕನೆ ಅಂಟಿದರೆ ಅದು ಮಾಮೂಲಿ ಸ್ಟೀಲ್, ಮೇಲೆ ಬಂಗಾರದ ಬಣ್ಣದ ಲೇಪ ಅಷ್ಟೇ.

ಹಾಗಾದರೆ ದುಡ್ಡು ಬರುವುದು ಯಾವುದಕ್ಕೆ? ಅಚ್ಚು ಪಕ್ಕಕ್ಕೆ ಬಿದ್ದು ಅರ್ಧ ನಾಣ್ಯ ಖಾಲಿ ಉಳಿದು, ಇಸವಿ ಮಾತ್ರ ಓದಲು ಬರುವಂಥದ್ದಕ್ಕೆ. ಒಂದು ಬೆಲೆಯ ಅಚ್ಚು ಇನ್ನೊಂದು ಬೆಲೆಯ ಬಿಲ್ಲೆಯ ಮೇಲೆ ಬಿದ್ದದ್ದಕ್ಕೆ. ಮತ್ತೆ ಬ್ರೋಕೇಜ್‌ಗೆ, ನಮ್ಮ ದೇಶದ ವ್ಯಾಪಾರಿಗಳ ಬಾಯಲ್ಲಿ ಲಾಖಿ. ಒತ್ತಿದ ನಾಣ್ಯ ಹೊರಗೆ ಬೀಳದೆ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆಗೆ ಅದೇ ಅಚ್ಚಾಗಿಬಿಡುತ್ತದೆ. ಆಗ ಒಂದು ಮುಖದಲ್ಲಿ ಉಬ್ಬಿದ ಸಿಂಹ, ಇನ್ನೊಂದರಲ್ಲಿ ಅದೇ ಸಿಂಹ ಎಡಬಲ ಅದಲುಬದಲಾಗಿ ತಗ್ಗಿನಲ್ಲಿ. ತಗ್ಗಾಗಿದ್ದರೆ ಪೆಟ್ಟು ಎಂಬ ನಿಯಮಕ್ಕೆ ಇದು ದೊಡ್ಡ ಹೊರತು. ಇದರ ನಕಲನ್ನು ವರ್ಕ್‌ಶಾಪಿನ ವೈಸ್‌ನಲ್ಲಿ ಎರಡು ನಾಣ್ಯ ಸೇರಿಸಿ ಹಿಚುಕಿ ಮಾಡುತ್ತಾರೆ. ಹಿಚುಕಿದ್ದರಲ್ಲಿ ಮೊದಲಿದ್ದ ಅಕ್ಷರದ ಅವಶೇಷ ತಗ್ಗಿನ ನಡುವೆ ಇಣುಕುತ್ತಿರುತ್ತದೆ, ಇನ್ನೊಂದು ಮುಖದ ಉಬ್ಬು ಚಪ್ಪಟೆಯಾಗಿರುತ್ತದೆ. ಚಿಕ್ಕವರಿದ್ದಾಗ ರೈಲು ಹಳಿ ಮೇಲೆ ನಾಣ್ಯ ಇಟ್ಟವರಿಗೆ ಚಪ್ಪಟೆ ನಾಣ್ಯ ಹೇಗಿರುತ್ತದೆಂದು ಗೊತ್ತು. ಅದನ್ನೂ ಕಾಲರ್ ಇಲ್ಲದೆ ಒತ್ತಿದ್ದು ಎಂದು ಮಾರುವವರಿದ್ದಾರೆ. ಕಾಲರ್ ತಪ್ಪಿದ ನಾಣ್ಯದಲ್ಲಿ ಅಂಚು ಹರಡಿದರೂ ನಡುವಿನ ಸಿಂಹ ಗರಿಗರಿಯಾಗಿರುತ್ತದೆ. ಹಳಿಯ ಮೇಲಿನದರಲ್ಲಿ ಸಿಂಹವೇ ಮೊದಲು ಅಳಿಸಿರುತ್ತದೆ.

ಅಕ್ಷರ ಎರಡೆರಡಾಗಿ ಕಾಣುವ ನಾಣ್ಯಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಮಗ ಮುಂದೆ ಅದನ್ನೂ ತರುತ್ತಾನೆ. ಅಮೆರಿಕದ 1955ರ ಒಂದು ಸೆಂಟ್ ಇದರ ದೊಡ್ಡ ಹೆಸರು. ಅಚ್ಚು ತಯಾರಿಸುವಾಗಲೇ ಮೂಲ ಚಿತ್ರ ಸ್ವಲ್ಪ ತಿರುಗಿ ಎರಡು ಸಲ ಬಿದ್ದಿತ್ತು, ಹಾಗಾಗಿ ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯದಲ್ಲೂ ಅಕ್ಷರ ಜೋಡಿ. ನಮ್ಮ ಚಿಲ್ಲರೆಯಲ್ಲಿ ಕಾಣುವುದು ಹೆಚ್ಚಾಗಿ ಅದಲ್ಲ. ಒತ್ತಿದ ಮೇಲೆ ಸಡಿಲ ಅಚ್ಚು ಅದುರಿ ಅಕ್ಷರದ ಪಕ್ಕ ಸವರಿದ್ದು. ನಿಜವಾದ ಜೋಡಿಯಲ್ಲಿ ಎರಡನೇ ಅಕ್ಷರಕ್ಕೂ ಉರುಟು, ಎತ್ತರ ಇರುತ್ತದೆ, ಅಕ್ಷರ ಒಟ್ಟಾರೆ ದಪ್ಪಗಾಗಿರುತ್ತದೆ. ಅದುರಿದ್ದರಲ್ಲಿ ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲು, ಅಕ್ಷರ ಮೊದಲಿಗಿಂತ ಸಣಕಲು. ಅದಕ್ಕೆ ಬೆಲೆ ಇಲ್ಲ. ಅಚ್ಚಿನೊಳಗೆ ಗ್ರೀಸ್ ತುಂಬಿ ಒಂದು ಅಕ್ಷರ ಮೂಡದೆ ಹೋದದ್ದಕ್ಕೂ ಅಷ್ಟೇ.

ತೊಳೆಯುವ ಪ್ರಶ್ನೆಗೆ: ಬೇಡ. ಹುಣಸೆಹಣ್ಣು, ಪಾತ್ರೆ ತಿಕ್ಕುವ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಹೊಳಪು ಬಂದರೆ ಬೆಲೆ ಬರುತ್ತದೆ ಅಂದುಕೊಳ್ಳುತ್ತಾರೆ, ಆಗುವುದು ಉಲ್ಟಾ. ತಿಕ್ಕಿದ ಮೇಲೆ ಸಾವಿರ ಸಣ್ಣ ಗೀರು ಬೀಳುತ್ತವೆ, ಲೋಹ ಹರಿದ ಗುರುತುಗಳೆಲ್ಲ ಅಳಿಸುತ್ತವೆ. ದೋಷ ಅಸಲಿ ಎಂದು ತೋರಿಸುವ ಸಾಕ್ಷಿಯೇ ಅವು. ಅಂಟು, ಕುಂಕುಮ ಮೆತ್ತಿದ್ದರೆ ಬರಿ ನೀರಲ್ಲಿ ನೆನೆಸಿ, ಬಟ್ಟೆಯ ಮೇಲಿಟ್ಟು ಒಣಗಿಸಿ, ಉಜ್ಜಬೇಡಿ. ಮೆತ್ತಗಿನ ಪಿವಿಸಿ ಪೌಚುಗಳಲ್ಲಿ ಇಡಬೇಡಿ, ವರ್ಷ ಕಳೆದಂತೆ ಹಸಿರು ಅಂಟು ಬಿಡುತ್ತವೆ. ಸದ್ಯಕ್ಕೆ ಒಂದೊಂದನ್ನೂ ಒಂದೊಂದು ಕಾಗದದ ಲಕೋಟೆಯಲ್ಲಿ ಇಟ್ಟರೆ ಸಾಕು.

ಇನ್ನು ಮಾರುವ ಮಾತು. ಸಾಮಾನ್ಯ ಕ್ಲಿಪ್, ಸರಿದ ಬಿಲ್ಲೆ ಇಂಥವಕ್ಕೆ ನಾನು ನೋಡಿದ ವ್ಯವಹಾರಗಳು ನೂರರ ಲೆಕ್ಕದಲ್ಲಿ ಮುಗಿಯುತ್ತವೆ, ಒಳ್ಳೆಯ ಲಾಖಿ ಸಾವಿರದ ಲೆಕ್ಕಕ್ಕೆ ಹೋಗುತ್ತದೆ. ಲಕ್ಷ ಎಂಬ ಮಾತು ಬಂದಲ್ಲಿ ಅನುಮಾನ ಪಡಿ. ಅಂತರಜಾಲದ ಮಾರಾಟ ತಾಣದಲ್ಲಿ ಒಬ್ಬ 5 ಲಕ್ಷ ಅಂತ ಬರೆದಿದ್ದರೆ ಅದು ಅವನು ಕೇಳಿದ ಬೆಲೆ, ಯಾರೋ ಕೊಟ್ಟ ಬೆಲೆ ಅಲ್ಲ. ಹರಾಜು ಸಂಸ್ಥೆಗಳು ಮುಗಿದ ಹರಾಜಿನ ಬೆಲೆಗಳನ್ನು ಪ್ರಕಟಿಸುತ್ತವೆ, ಹೋಲಿಸುವುದಾದರೆ ಅದಕ್ಕೆ ಹೋಲಿಸಿ. ಅಂಗಡಿಯ ವ್ಯಾಪಾರಿಗೆ ಕೊಟ್ಟರೆ ಕೈಗೆ ತಕ್ಷಣ ದುಡ್ಡು, ಆದರೆ ಅವನ ಲಾಭ ಕಳೆದು ಬರುತ್ತದೆ. ಹರಾಜಿಗೆ ಕೊಟ್ಟರೆ ಜಾಸ್ತಿ ಬರಬಹುದು, ತಿಂಗಳುಗಟ್ಟಲೆ ಕಾಯಬೇಕು, ಕಮಿಷನ್ ಹೋಗುತ್ತದೆ, ಸಣ್ಣ ದೋಷವನ್ನು ಅವರು ತೆಗೆದುಕೊಳ್ಳುವುದೂ ಇಲ್ಲ. ಅಮೆರಿಕದ ಎನ್‌ಜಿಸಿ, ಪಿಸಿಜಿಎಸ್ ಸಂಸ್ಥೆಗಳು ನಾಣ್ಯ ಪರೀಕ್ಷಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ. ಅದರ ಖರ್ಚೇ ನಿಮ್ಮ ಐದೂ ನಾಣ್ಯದ ಬೆಲೆಗಿಂತ ಹೆಚ್ಚಾಗುತ್ತದೆ, ಆ ಯೋಚನೆ ಬಿಡಿ.

ಕಾನೂನಿನ ಒಂದು ಮಾತು ಅಂಗಡಿಯವರಾದ ನಿಮಗೆ ಗೊತ್ತಿರಲಿ. ನಾಣ್ಯವನ್ನು ಕರಗಿಸುವುದು, ಹಾಳು ಮಾಡುವುದು 2011ರ ನಾಣ್ಯ ಕಾಯ್ದೆಯಲ್ಲಿ ಅಪರಾಧ. ಮುಖಬೆಲೆಗಿಂತ ಬೇರೆ ಬೆಲೆಗೆ ಮಾರಲೆಂದು ಅಗತ್ಯಕ್ಕಿಂತ ಬಹಳ ಜಾಸ್ತಿ ಚಿಲ್ಲರೆ ಕೂಡಿಡುವುದನ್ನೂ ಅದು ತಡೆಯುತ್ತದೆ. ಲಕೋಟೆಯಲ್ಲಿ ನಾಲ್ಕು ವಿಚಿತ್ರ ನಾಣ್ಯ ಇಟ್ಟುಕೊಂಡಿದ್ದಕ್ಕೆ ಯಾರೂ ನಿಮ್ಮ ಮನೆಗೆ ಬರುವುದಿಲ್ಲ. ಆದರೆ ದೋಷ ಹುಡುಕುತ್ತೇವೆ ಅಂತ ಮೂಟೆಗಟ್ಟಲೆ ನಾಣ್ಯ ಮನೆಯಲ್ಲಿ ಪೇರಿಸಬೇಡಿ, ನೋಡಿ ಮುಗಿದದ್ದನ್ನು ವ್ಯಾಪಾರಕ್ಕೆ ಬಿಡಿ.

ನೀವು ಮಾಡಬೇಕಾದದ್ದು ಇಷ್ಟು. ಐದನ್ನೂ ಅಕ್ಕಸಾಲಿಗರ ಹತ್ತಿರ ತೂಕ ಮಾಡಿಸಿ, ಗ್ರಾಂನಲ್ಲಿ ಎರಡು ದಶಾಂಶದವರೆಗೆ ಬರೆದುಕೊಳ್ಳಿ. ಹತ್ತರಷ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಕೊಂಡುಕೊಳ್ಳಿ, ಬೆಲೆ ಜಾಸ್ತಿ ಏನಿಲ್ಲ, ಮಗನಿಗೂ ವಿಡಿಯೋಗಿಂತ ಒಳ್ಳೆಯ ಗುರು. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಎರಡು ಮುಖ ಮತ್ತು ಅಂಚಿನ ಫೋಟೋ ತೆಗೆಯಿರಿ. ಬೆಳಕು ಒಂದು ಪಕ್ಕದಿಂದ ಬೀಳಲಿ, ಇಲ್ಲದಿದ್ದರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಾಣುತ್ತದೆ. ಅದೇ ಇಸವಿಯ ಮಾಮೂಲಿ ನಾಣ್ಯವೊಂದನ್ನು ಪಕ್ಕದಲ್ಲಿಟ್ಟು ಇನ್ನೊಂದು ಫೋಟೋ. ಬೆಂಗಳೂರಿನಲ್ಲಿ ನಾಣ್ಯ ಪ್ರದರ್ಶನಗಳು ಆಗಾಗ ನಡೆಯುತ್ತವೆ, ಹಲವು ವ್ಯಾಪಾರಿಗಳು ಒಂದೇ ಕಡೆ ಸಿಗುತ್ತಾರೆ. ಹತ್ತು ರೂಪಾಯಿ ಮತ್ತು ಐದು ರೂಪಾಯಿ ಎರಡನ್ನು ಮಾತ್ರ ಒಯ್ದು, ಕನಿಷ್ಠ ಮೂವರಿಗೆ ಬೇರೆ ಬೇರೆಯಾಗಿ ತೋರಿಸಿ. ಮೊದಲನೆಯವನು ಹೇಳಿದ ಬೆಲೆಯನ್ನು ಎರಡನೆಯವನಿಗೆ ಹೇಳಬೇಡಿ. ನೋಡಿಕೊಂಡು ಹೇಳುತ್ತೇನೆ, ನಾಣ್ಯ ಇಲ್ಲೇ ಬಿಟ್ಟು ಹೋಗಿ ಅಂದರೆ ಬಿಡಬೇಡಿ.